ಕರೆಂಟ್‌ಗೂ ಹ್ಯಾಕರ್ ಕಾಟ: ಜೆಸ್ಕಾಂ ಗ್ರಾಹಕರು ಕೇಳಬೇಕಾದ ಪ್ರಶ್ನೆ ಯಾವುದು?

ಕಲಬುರಗಿ: ಕಮಲಾಪುರದಲ್ಲಿ ಕರೆಂಟ್ ಹೋದ್ರೆ ಅಂಗಡಿಯವರು ಮೊದಲು ಕೇಳೋದು, ‘ಎಲ್ಲಿ ಲೈನ್ ಕಟ್ ಆಗ್ಯಾದ? ಟಿಸಿ ಸುಟ್ಟಾದೇನು?’ ಅಂತ. ಆದರೆ ಲೈನು, ಟಿಸಿ ಎರಡೂ ಸರಿ ಇದ್ದರೂ ಕಂಪ್ಯೂಟರ್ ಮೂಲಕ ಊರನ್ನೇ ಕತ್ತಲಿಗೆ ದೂಡಬಹುದು. 2015ರ ಡಿಸೆಂಬರ್ 23ರಂದು ಉಕ್ರೇನ್‌ನಲ್ಲಿ ಹ್ಯಾಕರ್‌ಗಳು ಸಬ್‌ಸ್ಟೇಷನ್ ಬ್ರೇಕರ್‌ಗಳನ್ನು ದೂರದಿಂದಲೇ ಆಫ್ ಮಾಡಿದ್ದರು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕೆಲ ತಾಸು ವಿದ್ಯುತ್ ಇರಲಿಲ್ಲ. ಕಳ್ಳರು ಒಳಗೆ ಹೊಕ್ಕಿದ್ದು ಸಿಬ್ಬಂದಿಗೆ ಕಳಿಸಿದ ಇ-ಮೇಲ್ ಮೂಲಕ.

ನಮ್ಮಲ್ಲೂ ಉದಾಹರಣೆ ಇವೆ. 2019ರಲ್ಲಿ ಪಕ್ಕದ ತೆಲಂಗಾಣ, ಆಂಧ್ರದ ವಿದ್ಯುತ್ ಕಂಪನಿಗಳ ವೆಬ್‌ಸೈಟ್‌ಗಳಿಗೆ ರಾನ್ಸಮ್‌ವೇರ್ ತಗುಲಿತ್ತು. ಅದೇ ವರ್ಷ ಕೂಡಂಕುಳಂ ಅಣುಸ್ಥಾವರದ ಆಡಳಿತ ವಿಭಾಗದ ಕಂಪ್ಯೂಟರ್‌ನಲ್ಲಿ ಮಾಲ್‌ವೇರ್ ಸಿಕ್ಕಿತು. 2020ರ ಅಕ್ಟೋಬರ್ 12ರ ಮುಂಬೈ ಕತ್ತಲಿನ ಬಗ್ಗೆ ಮಾತ್ರ ಒಮ್ಮತವಿಲ್ಲ: ಮಹಾರಾಷ್ಟ್ರ ಸರ್ಕಾರ ಸೈಬರ್ ದಾಳಿಯ ಶಂಕೆ ಹೇಳಿತು, ಕೇಂದ್ರ ಇಂಧನ ಸಚಿವರು ಮಾನವ ತಪ್ಪು ಅಂದರು.

ಕೇಂದ್ರ ಸುಮ್ಮನೆ ಕೂತಿಲ್ಲ. ಮಹತ್ವದ ವ್ಯವಸ್ಥೆಗಳ ಕಾವಲಿಗೆ 2014ರಿಂದ ಎನ್‌ಸಿಐಐಪಿಸಿ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2021ರ ಮಾರ್ಗಸೂಚಿ ಪ್ರಕಾರ, ಗ್ರಿಡ್ ನಡೆಸುವ ಕಂಪ್ಯೂಟರ್‌ಗಳು ಇಂಟರ್‌ನೆಟ್‌ನಿಂದ ಬೇರೆಯಾಗಿರಬೇಕು. ಪ್ರತಿ ಕಂಪನಿಯಲ್ಲೂ ಮಾಹಿತಿ ಸುರಕ್ಷತಾ ಅಧಿಕಾರಿ ಇರಬೇಕು. 2022ರ ಆದೇಶದಂತೆ ದಾಳಿ ಗೊತ್ತಾದ 6 ತಾಸಿನೊಳಗೆ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು.

ಕೊರತೆ ಇರೋದು ಇಲ್ಲೇ. ಆ 6 ತಾಸಿನ ಲೆಕ್ಕ ದಿಲ್ಲಿಗೆ ಹೇಳೋದಕ್ಕೆ. ಬಿಲ್ ಕಟ್ಟುವ ಅಂಗಡಿಯವನಿಗೆ ಹೇಳಬೇಕು ಅಂತ ಆ ಆದೇಶದಲ್ಲಿಲ್ಲ. ಸ್ಮಾರ್ಟ್ ಮೀಟರ್ ಬಂದ ಮೇಲೆ ಇದು ಇನ್ನೂ ಮುಖ್ಯ. ಹಳೆ ಮೀಟರ್‌ನ ಕರೆಂಟ್ ಕಡಿಯಲು ಲೈನ್‌ಮನ್ ಬರಬೇಕಿತ್ತು. ಸ್ಮಾರ್ಟ್ ಮೀಟರನ್ನು ಕಚೇರಿಯಲ್ಲಿ ಕೂತೇ ಬಂದ್ ಮಾಡಬಹುದು. ಅಂದ್ರೆ ಬಿಲ್ಲಿನ ಕಂಪ್ಯೂಟರ್‌ಗೆ ಕಳ್ಳ ಹೊಕ್ಕರೆ ಅಂಗಡಿ ದೀಪಕ್ಕೂ ಅಪಾಯ.

‘ಇವತ್ತು ರಾತ್ರಿ ಕರೆಂಟ್ ಕಟ್ ಆಗ್ತದ, ಈ ನಂಬರ್‌ಗೆ ಫೋನ್ ಮಾಡ್ರಿ’ ಎಂಬ ಸುಳ್ಳು ಮೆಸೇಜ್‌ಗಳು ದೇಶದ ಎಲ್ಲೆಡೆ ಓಡಾಡಿವೆ. ಅಂಥದ್ದು ಬಂದರೆ 1912ಕ್ಕೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಹೇಳಬೇಕು.

ಉಳಿದದ್ದು ಕಂಪನಿಯ ಹೊಣೆ. ದರ ಏರಿಕೆ ವಿಚಾರಣೆಗೆ ಕೆಇಆರ್‌ಸಿ ಬಂದಾಗ ಗ್ರಾಹಕರು ಯೂನಿಟ್‌ಗೆ ಎಷ್ಟು ಪೈಸೆ ಅಂತ ಕೇಳಿದರಷ್ಟೇ ಸಾಲದು. ಸೈಬರ್ ಆಡಿಟ್ ಆಗಿದೆಯೇ, ಸಿಸ್ಟಮ್ ಬಿದ್ದರೆ ಸಬ್‌ಸ್ಟೇಷನ್‌ನಲ್ಲಿ ಕೈಯಿಂದ ಲೈನ್ ಚಾಲೂ ಮಾಡೋ ಸಿಬ್ಬಂದಿ ಇದ್ದಾರೆಯೇ ಅಂತಲೂ ಕೇಳಬೇಕು. ಉಕ್ರೇನ್‌ನಲ್ಲಿ ದೀಪ ಮತ್ತೆ ಹತ್ತಿದ್ದು ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದ್ದರಿಂದ.