ಮರ ಹೋಯ್ತು, ಚಕ್ರದ ಜಾಡು ಉಳೀತು

ನಮ್ಮೂರ ಮಣ್ಣು ಸರಣಿ, 4ನೇ ಪೋಸ್ಟ್. ಸ್ವಲ್ಪ ಉದ್ದ ಐತೆ, ಬಸ್ಸಲ್ಲಿ ಕೂತು ಓದ್ಕೊಳ್ಳಿ.

ನಿನ್ನೆ ಸ್ಟೋರಿ ನೋಡಿ "ಇದ್ಯಾವ ಹಳ್ಳ?" ಅಂತ ಕೇಳಿದ್ರಿ. ಹಳ್ಳ ಅಲ್ಲ ಕಣ್ರಪ್ಪ, ಸಿರಿಗೆರೆ ಹತ್ರ ನಮ್ಮ ದೊಡ್ಡಪ್ಪನ ಹೊಲ. ಹೋದ ವರ್ಷದವರೆಗೂ ಅಲ್ಲಿ ನೀಲಗಿರಿ ಇತ್ತು. ಮಳೆ ಬಿದ್ದ ಮೂರನೇ ದಿನಕ್ಕೆ ಮರದ ವ್ಯಾಪಾರಿ ಒಂದು ಜೆಸಿಬಿ, ಎರಡು ಟ್ರ್ಯಾಕ್ಟರ್ ತಂದ. ನಾಲ್ಕು ದಿನಕ್ಕೆ ಮರ, ಬುಡ ಎಲ್ಲ ಖಾಲಿ. ಲೋಡ್ ತುಂಬಿದ ಟ್ರೈಲರ್ ಇಳಿಜಾರಲ್ಲಿ ನೆಟ್ಟಗೆ ಇಳಿದ ಜಾಡಲ್ಲೇ ಆಮೇಲೆ ಮಳೆನೀರೂ ಇಳೀತು. ಈಗ ಮೊಣಕಾಲುದ್ದ ಕೊರಕಲು.

ಎರಡನೇ ಫೋಟೋ ಈ ಸಲದ ಮೆಕ್ಕೆಜೋಳ. ಜಾಡಿನ ಆಚೆ ಎದೆಮಟ್ಟ, ಜಾಡಿನ ಮೇಲೆ ಮೊಣಕಾಲಿಗೂ ಬಂದಿಲ್ಲ. ಹಾರೆ ಹಾಕಿ ನೋಡಿದೆ. ಆಚೆ ಒಂದೇ ಏಟಿಗೆ ಇಳಿಯುತ್ತೆ, ಇಲ್ಲಿ ಠಣ್ ಅನ್ನುತ್ತೆ. ಹಸಿ ಮಣ್ಣಿನ ಮೇಲೆ ಭಾರ ಬಿದ್ದರೆ ಒಳಗಿನ ಗಾಳಿ, ನೀರಿನ ಸಂದು ಮುಚ್ಚಿಹೋಗುತ್ತವೆ. ಬೇರು ಇಳಿಯಲ್ಲ, ನೀರೂ ಇಂಗಲ್ಲ. ಆ ಹಾನಿಯಲ್ಲಿ ಬಹುಪಾಲು ಮೊದಲ ಕೆಲವೇ ಓಡಾಟದಲ್ಲಿ ಆಗಿಬಿಡುತ್ತೆ. ಅಂದ್ರೆ ಹೊಲದ ತುಂಬ ಒಂದೊಂದು ಸಲ ಓಡಾಡೋದಕ್ಕಿಂತ ಒಂದೇ ದಾರೀಲಿ ಇಪ್ಪತ್ತು ಸಲ ಓಡಾಡೋದು ವಾಸಿ. ಇದು ನನಗೂ ಮೊದಲು ತಲೆಗೆ ಹೋಗಿರಲಿಲ್ಲ.

1987ರ ನವೆಂಬರ್ 14ರಂದು ಹಾವೇರಿ ಕಡೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸೋದನ್ನ ನಿಷೇಧಿಸಿತು. ನೆಡಬೇಕೋ ಬೇಡವೋ ಅಂತ ಇಷ್ಟು ವರ್ಷ ಜಗಳ ಆಡಿದೀವಿ. ಇರೋ ಮರ ಹೇಗೆ ತೆಗೀಬೇಕು ಅಂತ ನಮ್ಮೂರ ಕಟ್ಟೆ ಮೇಲೆ ಒಂದು ಮಾತೂ ನಾನು ಕೇಳಿಲ್ಲ.

ಜೆಸಿಬಿ ಬೇಡ ಅಂತ ನಾನು ಹೇಳ್ತಿಲ್ಲ. ಕೊಡಲಿ ಹಿಡಿಯೋಕೆ ಆಳು ಎಲ್ಲಿ ಸಿಗ್ತಾರೆ? ಫಿನ್‌ಲ್ಯಾಂಡ್, ಸ್ವೀಡನ್‌ನಲ್ಲಿ ಇದಕ್ಕಿಂತ ದೊಡ್ಡ ಮಷಿನ್ ಇವೆ. ಅಲ್ಲಿ ಮೆತ್ತನೆ ನೆಲದ ಕೆಲಸವನ್ನ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದಾಗ ಇಟ್ಕೊಳ್ತಾರೆ, ಕಡಿದ ಕೊಂಬೆಗಳನ್ನೇ ಚಕ್ರದ ಕೆಳಗೆ ಹಾಸ್ತಾರೆ. ನಮಗೆ ಹಿಮ ಇಲ್ಲ, ಆದ್ರೆ ಜನವರಿಯಿಂದ ಮಾರ್ಚ್ ತನಕ ನೆಲ ಕಲ್ಲಿನಂಗೆ ಇರುತ್ತಲ್ಲ? ಕೊಂಬೆ, ಸೊಪ್ಪು ಬೇಕಾದಷ್ಟು ಐತೆ, ನಾವು ಬೆಂಕಿ ಹಚ್ತೀವಿ ಅಷ್ಟೆ. ಕೆಲಸ ಮುಗಿದ ಮೇಲೆ ಅದೇ ಜೆಸಿಬಿಯಿಂದ ಜಾಡಿಗೆ ಅಡ್ಡ ನಾಲ್ಕು ಮಣ್ಣಿನ ದಿಂಡು ಹಾಕಿಸಿದ್ರೆ ನೀರು ಪಕ್ಕಕ್ಕೆ ತಿರುಗುತ್ತೆ. ಕಡಿದಾದ ಕಡೆ ಬುಡ ಅಗೆಯೋದೇ ಬೇಡ. ಚಿಗುರು ಬಂದಂಗೆ ಮುರೀತಾ ಇರಬೇಕು, ಬೇಜಾರಿನ ಕೆಲಸ, ಒಪ್ತೀನಿ.

"ವ್ಯಾಪಾರಿ ಕೇಳ್ತಾನೇನೋ? ಟನ್ನಿಗೆ ರೇಟು ಇಳಿಸ್ತಾನೆ" ಅಂದ್ರು ದೊಡ್ಡಪ್ಪ. ಇಳಿಸಬಹುದು. ಆದ್ರೆ ಕೊರಕಲು ಮುಚ್ಚೋಕೆ ಕೊಟ್ಟ ಟ್ರ್ಯಾಕ್ಟರ್ ಬಾಡಿಗೆ, ಬಾರದ ಜೋಳ ಯಾರ ಲೆಕ್ಕಕ್ಕೆ? ಹೋದ ಮಣ್ಣು ಕೆರೆಗೇ ತಾನೆ ಹೋಗೋದು? ತುಂಗಭದ್ರೆಯಿಂದ ಪೈಪಲ್ಲಿ ನೀರೆತ್ತಿ ನಮ್ಮ ಕಡೆ ಕೆರೆ ತುಂಬಿಸ್ತಿದೀವಿ, ಇನ್ನೊಂದು ಕಡೆಯಿಂದ ಅದೇ ಕೆರೆಗೆ ಹೂಳು ತುಂಬಿಸ್ತಿದೀವಿ.

ಪಕ್ಕದ ಹೊಲದ ನೀಲಗಿರಿ ಫೆಬ್ರವರಿಗೆ ಕಡೀತಾರಂತೆ. ಯಜಮಾನರು ಒಂದೇ ದಾರಿ ಮಾಡೋಕೆ ಒಪ್ಪಿದಾರೆ. ಸೊಪ್ಪು ಸುಡಬೇಡಿ ಅಂದ್ರೆ ಇನ್ನೂ ನಗ್ತಾರೆ. ಫೋಟೋ ಮುಂದಿನ ಪೋಸ್ಟಲ್ಲಿ. ನಿಮ್ಮೂರಲ್ಲಿ ಹಿಂಗೆ ಕಡಿಸಿದ ಹೊಲ ಇದ್ರೆ ಹಾರೆ ಹಾಕಿ ನೋಡಿ, ಕಾಮೆಂಟಲ್ಲಿ ಹೇಳಿ.

#ನಮ್ಮೂರಮಣ್ಣು #ಸಿರಿಗೆರೆ #ಚಿತ್ರದುರ್ಗ #ನೀಲಗಿರಿ