ಎತ್ತಿಟ್ಟ ಬ್ಯಾಗ್ ಬಾಳಲ್ಲ

ಫೋನ್ ತಗೊಂಡ ದಿನವೇ ಅದಕ್ಕೊಂದು ಕವರ್ ಹಾಕಿಸ್ತೀವಿ, ಸ್ಕ್ರೀನ್ ಗಾರ್ಡ್ ಅಂಟಿಸ್ತೀವಿ. ಗಾಡಿಗೆ ತಪ್ಪದೆ ಸರ್ವೀಸ್ ಮಾಡಿಸ್ತೀವಿ. ಆದರೆ ದಿನಾ ಹೆಗಲೇರಿ ಮೆಟ್ರೋ, ಬಸ್ಸು, ಆಫೀಸು ಅಂತ ನಮ್ಮ ಜೊತೆ ಸುತ್ತೋ ಬ್ಯಾಗ್ ನೆನಪಾಗೋದು ಅದರ ಹಿಡಿ ಕಿತ್ತುಬಂದ ದಿನ ಮಾತ್ರ. ಇನ್ನು 'ಒಳ್ಳೆ ಬ್ಯಾಗ್' ಅಂತ ಒಂದಿರುತ್ತಲ್ಲ, ಅದರದ್ದು ಬೇರೆ ಕಥೆ. ಹಾಳಾಗಬಾರದು ಅಂತ ಪ್ಲಾಸ್ಟಿಕ್ ಕವರ್ ಸಮೇತ ಬೀರುವಿನಲ್ಲಿ ಎತ್ತಿಟ್ಟಿರ್ತೀವಿ. ನಿಜ ಹೇಳಬೇಕಂದ್ರೆ ಬೇಗ ಹಾಳಾಗೋದು ಅದೇ.

ನನ್ನ ಸಹೋದ್ಯೋಗಿಯೊಬ್ಬಳು ಮೊದಲ ಸಂಬಳದಲ್ಲಿ ಅವಳಮ್ಮನಿಗೆ ಒಂದು ಬ್ಯಾಗ್ ತೆಗೆದುಕೊಟ್ಟಿದ್ದಳು. ಅಮ್ಮ ಅದನ್ನು ಮದುವೆ-ಮುಂಜಿಗೆ ಅಂತ ಜೋಪಾನವಾಗಿ ಇಟ್ಟಿದ್ದರು. ನಾಲ್ಕು ವರ್ಷ ಕಳೆದ ಮೇಲೆ ತೆಗೆದು ನೋಡಿದರೆ ಮೇಲ್ಮೈಯೆಲ್ಲ ಹಪ್ಪಳದ ಹಾಗೆ ಉದುರ್ತಾ ಇತ್ತಂತೆ. "ಒಂದ್ಸಲನೂ ಹಾಕ್ಕೊಂಡಿರಲಿಲ್ವಲ್ಲೇ" ಅಂತ ಅಮ್ಮ ಪೇಚಾಡಿಕೊಂಡರಂತೆ. ಇದರಲ್ಲಿ ಅಮ್ಮನ ತಪ್ಪೇನೂ ಇಲ್ಲ. ಆ ಬ್ಯಾಗ್ ಯಾವುದರಿಂದ ಮಾಡಿದ್ದು ಅಂತ ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೆ.

ಮೊದಲು ಯಾವ ಬ್ಯಾಗ್ ಅಂತ ತಿಳ್ಕೊಳ್ಳಿ

ಅಂಗಡಿಯಲ್ಲಿ 'ಲೆದರ್ ಫಿನಿಶ್', 'ವೀಗನ್ ಲೆದರ್' ಅಂತ ಮಾರೋ ಬ್ಯಾಗ್‌ಗಳಲ್ಲಿ ಹೆಚ್ಚಿನವು ಪಿಯು, ಅಂದರೆ ಬಟ್ಟೆಯ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಪದರ ಹಚ್ಚಿದ್ದು. ನಮ್ಮ ಮನೆಗಳಲ್ಲಿ ಇಂಥದ್ದಕ್ಕೆಲ್ಲ ರೆಕ್ಸಿನ್ ಅಂತಲೇ ಹೆಸರು. ಒಳಗಿನ ಲೇಬಲ್ ಓದಿ. ಲೇಬಲ್ ಇಲ್ಲದಿದ್ದರೆ ಕತ್ತರಿಸಿದ ಅಂಚು ನೋಡಿ. ನಿಜವಾದ ಚರ್ಮದ ಅಂಚಿನಲ್ಲಿ ನಾರು ನಾರು ಕಾಣುತ್ತೆ, ಪಿಯುನಲ್ಲಿ ಬಟ್ಟೆಯ ಮೇಲೆ ತೆಳುವಾದ ಪದರ ಕಾಣುತ್ತೆ.

ಪಿಯುಗೆ ದೊಡ್ಡ ಶತ್ರು ಗಾಳಿಯಲ್ಲಿರುವ ತೇವ. ಆ ತೇವ ನಿಧಾನವಾಗಿ ಪ್ಲಾಸ್ಟಿಕ್ಕಿನ ಅಣುಗಳ ಸರಪಳಿಯನ್ನು ಕತ್ತರಿಸುತ್ತೆ. ಇದಕ್ಕೆ ಹೈಡ್ರಾಲಿಸಿಸ್ ಅಂತಾರೆ. ಸೆಖೆ ಸೇರಿದರೆ ಕೆಲಸ ಇನ್ನೂ ಬೇಗ ಆಗುತ್ತೆ. ಮಂಗಳೂರು, ಉಡುಪಿ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಒಮ್ಮೆ ಸುಲಿಯೋಕೆ ಶುರುವಾದರೆ ಯಾವ ಪಾಲಿಶ್ ಕೂಡ ಅದನ್ನು ಮತ್ತೆ ಅಂಟಿಸಲ್ಲ. ಬಳಸಿದರೂ ಅದು ಒಂದಿನ ಸುಲಿಯುತ್ತೆ, ಬಳಸದಿದ್ದರೂ ಸುಲಿಯುತ್ತೆ. ಹಾಗಿದ್ದ ಮೇಲೆ ಬಳಸಿಬಿಡೋದೇ ಜಾಣತನ. ಹಬ್ಬಕ್ಕಂತ ಕಾಯಬೇಡಿ.

ಚರ್ಮದ ಬ್ಯಾಗ್‌ಗೆ ಏನು ಬೇಕು

ಚರ್ಮ ಹಾಗಲ್ಲ. ಸರಿಯಾಗಿ ನೋಡಿಕೊಂಡರೆ ಹತ್ತಾರು ವರ್ಷ ಬರುತ್ತೆ. ಅದಕ್ಕೆ ಬೇಕಾಗಿರೋದು ಸ್ವಲ್ಪ ಜಿಡ್ಡು ಮತ್ತು ಸ್ವಲ್ಪ ಗಾಳಿ.

ವಾರಕ್ಕೊಮ್ಮೆ ಒಣ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ. ನಾಲ್ಕೈದು ತಿಂಗಳಿಗೊಮ್ಮೆ ಲೆದರ್ ಕಂಡೀಷನರ್ ತೆಳ್ಳಗೆ ಹಚ್ಚಿ. ಮೊದಲ ಸಲ ಹಚ್ಚುವಾಗ ಬ್ಯಾಗಿನ ತಳದ ಮೂಲೆಯಲ್ಲಿ ಪರೀಕ್ಷೆ ಮಾಡಿ, ಬಣ್ಣ ಬದಲಾಗುತ್ತಾ ನೋಡಿ. "ಕೊಬ್ಬರಿ ಎಣ್ಣೆ ಆಗಲ್ವಾ?" ಅಂತ ಕೇಳೋರು ಇದ್ದಾರೆ. ಬೇಡ. ಬಣ್ಣ ಕಪ್ಪಾಗುತ್ತೆ, ಧೂಳೆಲ್ಲ ಅಂಟಿಕೊಳ್ಳುತ್ತೆ.

ಸ್ಯಾನಿಟೈಸರ್ ಬಗ್ಗೆ ಒಂದು ಮಾತು. ಅದರಲ್ಲಿರೋ ಆಲ್ಕೋಹಾಲ್ ಚರ್ಮದ ಬಣ್ಣವನ್ನೂ ಮೇಲಿನ ಹೊಳಪನ್ನೂ ಎಬ್ಬಿಸಿಬಿಡುತ್ತೆ. ಹಚ್ಚಿಕೊಂಡ ಕೈ ಪೂರ್ತಿ ಒಣಗಿದ ಮೇಲೆ ಹಿಡಿ ಮುಟ್ಟಿ. ತಿಳಿಬಣ್ಣದ ಬ್ಯಾಗ್ ಇರೋರು ಹೊಸ ಜೀನ್ಸ್ ಹಾಕಿಕೊಂಡ ದಿನ ಹುಷಾರಾಗಿರಿ. ಸೊಂಟಕ್ಕೆ ಉಜ್ಜಿ ಉಜ್ಜಿ ಅದರ ನೀಲಿ ಬಣ್ಣ ಬ್ಯಾಗಿಗೆ ಇಳಿಯುತ್ತೆ, ಆಮೇಲೆ ಬಿಡೋದು ಕಷ್ಟ.

ಮಳೆಗೆ ನೆಂದರೆ ಉಜ್ಜಬೇಡಿ. ಬಟ್ಟೆಯಿಂದ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಒಳಗಿರೋದನ್ನೆಲ್ಲ ಖಾಲಿ ಮಾಡಿ, ಹಳೇ ಟವೆಲ್ ತುಂಬಿ, ನೆರಳಲ್ಲಿ ಫ್ಯಾನ್ ಗಾಳಿಗೆ ಇಡಿ. ಬಿಸಿಲು, ಹೇರ್ ಡ್ರೈಯರ್ ಎರಡೂ ಬೇಡ. ಬೇಗ ಒಣಗಿದ ಚರ್ಮ ಬಿರುಸಾಗಿ ಬಿರುಕು ಬಿಡುತ್ತೆ.

ಬೂಷ್ಟಿನ ಕಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗೆ ಬೂಷ್ಟಿನದೇ ರಾಜ್ಯ. ಪ್ಲಾಸ್ಟಿಕ್ ಕವರ್ ತೇವವನ್ನು ಒಳಗೇ ಕೂಡಿಹಾಕುತ್ತೆ, ಅದನ್ನು ಮೊದಲು ತೆಗೆಯಿರಿ. ಹಳೇ ಹತ್ತಿಯ ದಿಂಬಿನ ಕವರ್ ಸಾಕು. ಆಕಾರ ಕೆಡದಿರಲಿ ಅಂತ ಒಳಗೆ ಬಿಳಿ ಕಾಗದವನ್ನೋ ಬಟ್ಟೆಯನ್ನೋ ತುಂಬಿ. ನ್ಯೂಸ್‌ಪೇಪರ್ ಆದರೆ ಶಾಯಿ ಹತ್ತುತ್ತೆ. ಶೂ ಡಬ್ಬದಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಒಂದೆರಡನ್ನು ಒಳಗಿಡಿ, ಮಕ್ಕಳ ಕೈಗೆ ಮಾತ್ರ ಸಿಗಬಾರದು. ನುಸಿಗುಳಿಗೆ ಹಾಕಿದರೆ ವಾಸನೆ ಹೋಗೋದೇ ಇಲ್ಲ.

ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದು ಗಾಳಿಯಾಡಿಸಿ. ಬೂಷ್ಟು ಬಂದೇಬಿಟ್ಟಿದ್ದರೆ ಬಾಲ್ಕನಿಗೆ ಒಯ್ದು ಒರೆಸಿ, ಆ ಬಟ್ಟೆಯನ್ನು ಬಿಸಾಕಿ. ಪೂರ್ತಿ ಒಣಗೋವರೆಗೂ ಬೇರೆ ಬ್ಯಾಗ್‌ಗಳ ಪಕ್ಕ ಇಡಬೇಡಿ, ಅವಕ್ಕೂ ಹರಡುತ್ತೆ.

ಸಂಡೂರಿನ ಲಂಬಾಣಿ ಕಸೂತಿಯ ಕನ್ನಡಿ ಬ್ಯಾಗ್ ಇದ್ದರೆ ವಾಷಿಂಗ್ ಮಷೀನಿಗೆ ಹಾಕಲೇಬೇಡಿ. ನೂಲು ಬಣ್ಣ ಬಿಡಬಹುದು, ಕನ್ನಡಿ ಹಿಡಿದಿರೋ ಹೊಲಿಗೆ ಸಡಿಲವಾಗಬಹುದು. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದರೆ ಸಾಕು.

ಭಾರ, ಹಿಡಿ, ಜಿಪ್

ಬ್ಯಾಗ್ ಮೊದಲು ಸೋಲೋದು ಹಿಡಿಯ ಬುಡದಲ್ಲಿ. ಒಂದು ಲೀಟರ್ ನೀರಿನ ಬಾಟಲಿ ಅಂದರೆ ಒಂದು ಕೆಜಿ. ಅದರ ಜೊತೆ ಲ್ಯಾಪ್‌ಟಾಪ್, ಚಾರ್ಜರ್, ಊಟದ ಡಬ್ಬಿ. ಚಂದಕ್ಕೆ ಅಂತ ಮಾಡಿದ ಬ್ಯಾಗ್ ಇಷ್ಟನ್ನೆಲ್ಲ ಹೊರಲ್ಲ. ಅದಕ್ಕೆ ಬೇರೆ ಬ್ಯಾಗ್ ಇರಲಿ. ಸಾರಿನ ಡಬ್ಬಿಯಂತೂ ಬೇರೆ ಚೀಲದಲ್ಲೇ ಬರಲಿ, ಅರಿಶಿನದ ಕಲೆ ಸುಲಭಕ್ಕೆ ಹೋಗೋದಲ್ಲ. ಮನೆಗೆ ಬಂದ ಮೇಲೆ ತುಂಬಿದ ಬ್ಯಾಗನ್ನು ಮೊಳೆಗೆ ನೇತುಹಾಕಬೇಡಿ, ಕೆಳಗಿಡಿ. ರಾತ್ರಿಯಿಡೀ ಆ ಭಾರ ಹಿಡಿಯ ಮೇಲೆ ಯಾಕೆ?

ಜಿಪ್ ಬಿಗಿಯಾದರೆ ಮೇಣದ ಬತ್ತಿ ಉಜ್ಜಿ. ಎಳೆದ ಮೇಲೂ ಹಿಂದೆ ಬಾಯಿ ಬಿಟ್ಟುಕೊಂಡರೆ ಸಾಮಾನ್ಯವಾಗಿ ತೊಂದರೆ ಇರೋದು ರನ್ನರ್‌ನಲ್ಲಿ, ಹಲ್ಲುಗಳಲ್ಲಲ್ಲ. ರನ್ನರ್ ಒಂದನ್ನೇ ಬದಲಾಯಿಸಿದರೆ ಆಯ್ತು. ರಸ್ತೆ ಮೂಲೆಯಲ್ಲಿ ಚಪ್ಪಲಿ, ಬ್ಯಾಗ್ ಹೊಲಿಯೋರು ಒಂದು ಕಾಫಿ-ತಿಂಡಿಯ ದುಡ್ಡಿಗೆ ಇದನ್ನು ಮಾಡಿಕೊಡ್ತಾರೆ. ಹೊಲಿಗೆಯ ಒಂದು ನೂಲು ಎದ್ದಾಗಲೇ ಹೋಗಿ. ಹಿಡಿ ಪೂರ್ತಿ ಕಿತ್ತ ಮೇಲೆ ಹೋದರೆ ಚರ್ಮವೇ ಹರಿದಿರುತ್ತೆ, ಆಗ ಹೊಲಿಯೋಕೆ ಜಾಗವೇ ಇರಲ್ಲ. ಚೌಕಾಸಿ ಮಾಡಬೇಡಿ. ಆ ಕೈಚಳಕ ಇರೋವರೆಗೆ ಮಾತ್ರ ನಮ್ಮ ಬ್ಯಾಗ್‌ಗಳಿಗೆ ಎರಡನೇ ಜನ್ಮ.

ಒಂದು ಲೆಕ್ಕ

1,200 ರೂಪಾಯಿಯ ಪಿಯು ಬ್ಯಾಗ್ ಒಂದೂವರೆ ವರ್ಷ ಬಂತು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 250 ಕೆಲಸದ ದಿನ ಅಂದರೆ ದಿನಕ್ಕೆ 3 ರೂಪಾಯಿ 20 ಪೈಸೆ ಆಯ್ತು. 4,000 ರೂಪಾಯಿಯ ಚರ್ಮದ ಬ್ಯಾಗ್ ಎಂಟು ವರ್ಷ ಬಂದರೆ, ರಿಪೇರಿಗೆ 600 ಸೇರಿಸಿದರೂ ದಿನಕ್ಕೆ 2 ರೂಪಾಯಿ 30 ಪೈಸೆ. ಆದರೆ ಈ ಲೆಕ್ಕ ನಿಲ್ಲೋದು ಬ್ಯಾಗ್ ಹೆಗಲ ಮೇಲಿದ್ದರೆ ಮಾತ್ರ. ಬೀರುವಿನಲ್ಲಿದ್ದರೆ ಎರಡೂ ದುಬಾರಿಯೇ.

ಈ ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಬ್ಯಾಗ್ ತಲೆಕೆಳಗು ಮಾಡಿ ಹಳೇ ಬಿಲ್ಲು, ಚಾಕಲೇಟ್ ಕಾಗದ, ಮುಚ್ಚಳ ಇಲ್ಲದ ಪೆನ್ನು ಎಲ್ಲ ತೆಗೆಯಿರಿ. ಒಳಬಟ್ಟೆ ಕೊಡವಿ, ಹಿಡಿಯ ಬುಡದ ಹೊಲಿಗೆಯನ್ನು ಬೆರಳಲ್ಲಿ ಎಳೆದು ನೋಡಿ. ಹಾಗೇ ಊರಿಗೆ ಒಂದು ಫೋನ್ ಮಾಡಿ, ನೀವು ಕೊಡಿಸಿದ ಬ್ಯಾಗ್ ಬೀರುವಿನಲ್ಲೇ ಇದ್ದರೆ ನಾಳೆ ಸಂತೆಗೇ ತಗೊಂಡು ಹೋಗೋಕೆ ಅಮ್ಮನಿಗೆ ಹೇಳಿ.