ಆಟಕ್ಕೆ ಹಣದ ಬೀಗ



ಆಟ ನೋಡಲು ಹಣ ಕೇಳುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಹಳಿಯಾಳದ ಕುಸ್ತಿಗೂ ಖರ್ಚುಂಟು, ಪೈಲ್ವಾನನಿಗೂ ಹೊಟ್ಟೆಯುಂಟು. ಆದರೆ ದೊಡ್ಡ ಪಂದ್ಯಗಳನ್ನೆಲ್ಲ ಹಣದ ಬೀಗದೊಳಗಿಡುವ ಚಾಳಿಯನ್ನು ಒಪ್ಪಲಾರೆ.

ವೃತ್ತಿಪರ ಬಾಕ್ಸಿಂಗ್‌ನ ಗತಿಯನ್ನೇ ನೋಡಿ. 1978ರಲ್ಲಿ ಮಹಮ್ಮದ್ ಅಲಿ ಮತ್ತು ಲಿಯಾನ್ ಸ್ಪಿಂಕ್ಸ್‌ರ ಮರುಪಂದ್ಯವನ್ನು ಅಮೆರಿಕದ ಕೋಟ್ಯಂತರ ಜನ ಮನೆಯಲ್ಲೇ ಪುಕ್ಕಟೆಯಾಗಿ ಕಂಡರು. 2015ರ ಮೇವೆದರ್–ಪಕಿಯಾವೊ ಪಂದ್ಯಕ್ಕೆ ಒಂದೊಂದು ಮನೆಯೂ ಸುಮಾರು 100 ಡಾಲರ್ ತೆರಬೇಕಾಯಿತು. 46 ಲಕ್ಷ ಖರೀದಿಗಳಾದವು. ಬಾಚಿಕೊಂಡವರು ಬೆರಳೆಣಿಕೆಯ ಮಂದಿ. ಹೊರಗುಳಿದವರು ಬಡವರ ಮಕ್ಕಳು. ಕಾಣದ ಆಟಕ್ಕೆ ಮಗು ಹಂಬಲಿಸುವುದೆಂತು?

ಪ್ರಸಾರ ತರಂಗಗಳು ಸಾರ್ವಜನಿಕರ ಸ್ವತ್ತೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ಸಾರಿತು. ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂದು 2007ರ ಕಾಯಿದೆ ವಿಧಿಸಿತು. ಆದರೆ 2017ರ ತೀರ್ಪಿನಂತೆ ಆ ಪ್ರಸಾರ ದೂರದರ್ಶನದ ಸ್ವಂತ ಜಾಲಕ್ಕೇ ಸೀಮಿತ. ಖಾಸಗಿ ಕೇಬಲ್ಲಿನವರಿಗೆ ಅದು ದಕ್ಕದು. ಜೋಯಿಡಾದ ಕಾಡಂಚಿನ ಹುಡುಗನಿಗೆ, ಮುಂಡಗೋಡದ ಹಳ್ಳಿಯ ಹುಡುಗಿಗೆ ಈ ಕಾನೂನಿನ ಸೂಕ್ಷ್ಮ ಏಕೆ ಬೇಕು? ಅವರಿಗೆ ಬೇಕಾದದ್ದು ಆಟ.

ಕಣದ ಸುತ್ತ ನೆರೆದ ಜನರಿಂದಲೇ ಹಳಿಯಾಳದಲ್ಲಿ ಪೈಲ್ವಾನರು ಹುಟ್ಟಿದರು. ಆ ಕಣಕ್ಕೇ ಗೋಡೆ ಕಟ್ಟಿದರೆ ಮುಂದಿನ ಪೈಲ್ವಾನ ಎಲ್ಲಿಂದ ಬಂದಾನು? ನೀವೇ ಹೇಳಿ.